ಜಾಮೀನು ಸಿಕ್ಕ ಮೇಲೂ ಜೈಲೇ?

ಮಾನ್ಯ ಸಂಪಾದಕರೇ,

ಉತ್ತರ ಪ್ರದೇಶದ ಗಾಜಿಯಾಬಾದ್ ಜೈಲಿನಲ್ಲಿ ಜಾಮೀನು ಸಿಕ್ಕ ಕೈದಿಯೊಬ್ಬನನ್ನು ಬಿಡದೆ ಕೂಡಿಹಾಕಿದ ಸುದ್ದಿ ಓದಿ ಮೈ ಉರಿಯಿತು. ಸುಪ್ರೀಂ ಕೋರ್ಟೇ 2025ರ ಏಪ್ರಿಲ್ 29ಕ್ಕೆ ಅವನಿಗೆ ಜಾಮೀನು ಕೊಟ್ಟಿದೆ. ಮೇ 27ಕ್ಕೆ ಬಿಡುಗಡೆ ಆದೇಶವೂ ಆಗಿದೆ. ಆ ಮನುಷ್ಯ ಹೊರಗೆ ಬಂದದ್ದು ಜೂನ್ 24ಕ್ಕೆ! ಆದೇಶದಲ್ಲಿ ಮತಾಂತರ ನಿಷೇಧ ಕಾಯ್ದೆಯ ಸೆಕ್ಷನ್ 5 ಎಂದಷ್ಟೇ ಇದೆ, ಉಪವಿಧಿ ಬರೆದಿಲ್ಲ ಎಂಬುದು ಜೈಲಿನವರ ನೆಪ. ಕೈದಿ ಯಾರು, ಕೇಸು ಯಾವುದು ಎಂಬುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಅವನು ಮತ್ತೆ ಸುಪ್ರೀಂ ಕೋರ್ಟಿಗೇ ಹೋಗದಿದ್ದರೆ ಇನ್ನೆಷ್ಟು ದಿನ ಕೂಡಿಹಾಕುತ್ತಿದ್ದರೋ. ಅವನಿಗೆ ಐದು ಲಕ್ಷ ಪರಿಹಾರ ಕೊಡಿ ಎಂದು ಕೋರ್ಟ್ ಉತ್ತರ ಪ್ರದೇಶ ಸರ್ಕಾರಕ್ಕೆ ಹೇಳಿದ್ದು ಸರಿಯಾಗಿಯೇ ಇದೆ. ಆದರೆ ಅದು ಜನರ ತೆರಿಗೆ ಹಣ ತಾನೇ?

ಅಲ್ಲಿಯ ಸುದ್ದಿ ನಮಗೇಕೆ ಎಂದು ಯಾರೂ ಪುಟ ಮಗುಚಬೇಡಿ. ನನ್ನ ಅಣ್ಣನ ಮಗನಿಗೆ ಕಳೆದ ವರ್ಷ ಒಂದು ಶುಕ್ರವಾರ ಜಾಮೀನಾಯಿತು. ಜೈಲಿನ ಹೆಸರು ಬರೆಯುವುದಿಲ್ಲ, ಹುಡುಗನ ಕೇಸು ಇನ್ನೂ ನಡೆಯುತ್ತಿದೆ. ಶ್ಯೂರಿಟಿಗೆ ಪಹಣಿ ಬೇಕೆಂದರು, ಊರಿಗೆ ಓಡಿದೆವು. ತಂದರೆ ಆಧಾರ್‌ನಲ್ಲಿ ಇನಿಷಿಯಲ್ ಬೇರೆ ಇದೆ ಎಂದರು. ಅದನ್ನೂ ಸರಿಮಾಡಿ ಆದೇಶ ಮುಟ್ಟಿಸುವ ಹೊತ್ತಿಗೆ ಸಂಜೆ; ಲಾಕಪ್ ಆಗಿದೆ, ಅಂದರೆ ಕೈದಿಗಳನ್ನು ಒಳಗೆ ಹಾಕಿ ಬೀಗ ಜಡಿದಾಗಿದೆ, ನಾಳೆ ಬನ್ನಿ ಎಂದರು. ಮರುದಿನ ಹೋದರೆ ತಂದೆಯ ಹೆಸರಿನಲ್ಲಿ ಒಂದು ಒತ್ತಕ್ಷರ ಬಿಟ್ಟಿದೆ, ಕೋರ್ಟಿನಿಂದ ತಿದ್ದಿಸಿಕೊಂಡು ಬನ್ನಿ! ಸಕ್ಕರೆ ಕಾಯಿಲೆಯ ಅತ್ತಿಗೆ ಗೇಟಿನ ಎದುರು ಬಿಸಿಲಿನಲ್ಲೇ ಕೂತಿದ್ದರು. ನೀರಿಲ್ಲ, ಶೌಚಾಲಯವಿಲ್ಲ, ವಯಸ್ಸಾದವರು ಎಂಬ ಕರುಣೆಯೂ ಇಲ್ಲ. ನಾನು ಅಂಗಡಿ ಮುಚ್ಚಿ ಅಲೆದೆ. ಸಾಲ ಮಾಡಿ ವಕೀಲರಿಗೆ ಇನ್ನೊಮ್ಮೆ ಫೀಸು ಕೊಟ್ಟೆವು.

ಜಾಮೀನು ಆದೇಶವನ್ನು ಅದೇ ದಿನ, ತಪ್ಪಿದರೆ ಮರುದಿನ ಜೈಲಿಗೆ ಇಮೇಲ್ ಮಾಡಬೇಕೆಂದು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲೇ ಹೇಳಿದೆ. ಹೇಳಿ ಏನು ಬಂತು? ಬಿಹಾರದ ರುದುಲ್ ಸಾಹ್ 1968ರಲ್ಲಿ ಖುಲಾಸೆಯಾದರೂ 1982ರವರೆಗೆ ಜೈಲಿನಲ್ಲೇ ಕೊಳೆತ. 1983ರಲ್ಲಿ ಅವನಿಗೆ ಕೋರ್ಟ್ ಕೊಡಿಸಿದ್ದು ಮೂವತ್ತು ಸಾವಿರ. ಅಂದಿನಿಂದ ಅಧಿಕಾರಿಗಳು ಕಲಿತದ್ದೇನು? ಕಾಗದದಲ್ಲಿ ತಪ್ಪು ಹುಡುಕುವುದನ್ನು ಚೆನ್ನಾಗಿ ಕಲಿತಿದ್ದಾರೆ. ನಮ್ಮ ತಾಯಿಯ ವಿಧವಾ ವೇತನ ತಿಂಗಳುಗಟ್ಟಲೆ ನಿಂತದ್ದೂ ಹೀಗೆಯೇ. ಬದುಕಿದ್ದೇನೆ ಎಂದು ಆಕೆ ಎದುರಿಗೆ ನಿಂತು ಹೇಳಿದರೂ ಗುಮಾಸ್ತರು ತಲೆ ಎತ್ತಲಿಲ್ಲ.

ಈ ವಿಳಂಬದ ಬಗ್ಗೆ ಸುಪ್ರೀಂ ಕೋರ್ಟ್ ಆದೇಶಿಸಿದ ಗಾಜಿಯಾಬಾದ್ ಜಿಲ್ಲಾ ನ್ಯಾಯಾಧೀಶರ ತನಿಖೆ ಬರೀ ಕಾಗದದಲ್ಲಿ ಉಳಿಯದಿರಲಿ. ತಪ್ಪು ಮಾಡಿದವರ ಸಂಬಳದಿಂದಲೇ ಆ ಐದು ಲಕ್ಷ ಹಿಡಿಯಲಿ, ಬರೀ ವರ್ಗಾವಣೆ ಮಾಡಿ ಕೈತೊಳೆದುಕೊಳ್ಳುವುದು ಬೇಡ. ನಮ್ಮ ಗೃಹ ಇಲಾಖೆಯವರೂ ಏನಾದರೂ ಮಾಡಲಿ. ಜೈಲಿನ ಗೇಟಿಗೆ ಒಂದು ನೆರಳು ಹಾಕಿಸುವ ಯೋಗ್ಯತೆಯೂ ಇಲ್ಲದವರಿಗೆ ಆ ಕುರ್ಚಿ ಯಾಕೆ ಬೇಕು?

– ನೊಂದ ಓದುಗ