ಗೇಟ್ ಹತ್ರ ಇರೋ ಹಸಿರು ಹಾವು ಹೊಡೀಬೇಡಿ
ಎಲ್ರಿಗೂ ನಮಸ್ಕಾರ, ತೋಟದ ಗೇಟ್ ಪಕ್ಕ ದಾಸವಾಳದಲ್ಲಿ ಇರೋದು ಹಸಿರು ಬಳ್ಳಿ ಹಾವು, ಪೆನ್ಸಿಲ್ ದಪ್ಪ, ಮೂತಿ ಚೂಪು, ಕಣ್ಣಿನ ಪಾಪೆ ಅಡ್ಡಕ್ಕೆ ಸೀಳಿದ ಹಾಗೆ, ಬಳ್ಳಿ ಥರಾನೇ ತೂಗ್ತಾ ಇರುತ್ತೆ. ಕಣ್ಣು ಕುಕ್ಕುತ್ತೆ ಅನ್ನೋದು ಬರೀ ಸುಳ್ಳು. ವಿಷ ಸ್ವಲ್ಪ ಇದೆ, ವಿಷದ ಹಲ್ಲು ಬಾಯಿ ಹಿಂದ್ಗಡೆ, ಕಪ್ಪೆ ಓತಿಕ್ಯಾತಕ್ಕೆ ಸಾಕು, ನಮಗೆ ಕಚ್ಚಿದ್ರೆ ಸಾಮಾನ್ಯವಾಗಿ ಊತ ನೋವು ಅಷ್ಟೇ. (ಇದು ಮೊಟ್ಟೆ ಇಡಲ್ಲ, ಮರಿನೇ ಹಾಕುತ್ತೆ, ಗೊತ್ತಿತ್ತಾ?) ಆದ್ರೆ ಹಸಿರಿದ್ದದ್ದೆಲ್ಲ ಇದೇ ಅಂತ ಕೈ ಹಾಕ್ಬೇಡಿ, ತ್ರಿಕೋನ ತಲೆಯ ಗುಳಿಮಂಡಲ ಅನ್ನೋ ವಿಷದ ಹಾವೂ ನಮ್ಮ ಘಟ್ಟದಲ್ಲಿ ಹಸಿರಾಗಿರುತ್ತೆ, ಯಾವ ಹಾವು ಕಚ್ಚಿದ್ರೂ ಸೀದಾ ಆಸ್ಪತ್ರೆಗೆ ಹೋಗಿ. ಕಾಫಿ ಕೊಯ್ಯೋರಿಗೂ ಹೇಳ್ಬಿಡಿ. ನಿನ್ನೆ ಕೋಲು ಹಿಡ್ಕೊಂಡು ಬಂದ ನಮ್ಮ ಭಾವನೂ ಕೊನೆಗೆ ಫೋಟೋ ತಗೊಂಡು ಹೋದ್ರು.