ಬರವಣಿಗೆಗೆ ಆನ್‌ಲೈನ್ ನೆರವು: ಕೀಲಿಮಣೆ ವಿದ್ಯಾರ್ಥಿಯ ಕೈಯಲ್ಲೇ ಇರಲಿ

ಮಾನ್ಯ ಸಂಪಾದಕರೇ,

ಪ್ರಬಂಧ, ಯೋಜನಾ ವರದಿ ಬರೆಯಲು ತಿಣುಕಾಡುವ ವಿದ್ಯಾರ್ಥಿಗಳಿಗೆ ವಿಶ್ವವಿದ್ಯಾಲಯಗಳು ಆನ್‌ಲೈನ್ ಮಾರ್ಗದರ್ಶನ ಏರ್ಪಡಿಸುವುದು ಸ್ವಾಗತಾರ್ಹ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ 1976ರಲ್ಲಿ ಆರಂಭವಾದ ಬರವಣಿಗೆ ಕೇಂದ್ರ 1994ರಲ್ಲೇ ಅಂತರ್ಜಾಲಕ್ಕೆ ಬಂದಿತ್ತು. ದಾರಿ ಹಳೆಯದೇ. ಆದರೆ ಇಂಥ ಸೇವೆ ಕಾಗುಣಿತ ತಿದ್ದುವ ಕೌಂಟರ್ ಆಗಿಬಿಡುವ ಅಪಾಯವೂ ಅಷ್ಟೇ ಹಳೆಯದು.

ಕಳುಹಿಸಿದ ಕರಡು ಮೈತುಂಬ ಕೆಂಪು ಗುರುತು ಹೊತ್ತು ಮರಳುತ್ತದೆ. ವಿದ್ಯಾರ್ಥಿ ಎಲ್ಲ ತಿದ್ದುಪಡಿಗಳನ್ನೂ ಒಂದೇ ಒತ್ತಿಗೆ ಒಪ್ಪಿಕೊಂಡು ಸಲ್ಲಿಸುತ್ತಾನೆ. ಕಲಿತದ್ದೇನು? ವಾಕ್ಯಕ್ಕೆ ನುಣುಪು ಕೊಡಲು 2022ರ ನವೆಂಬರ್‌ನಲ್ಲಿ ಬಂದ ಚಾಟ್‌ಜಿಪಿಟಿಯಂಥ ತಂತ್ರಾಂಶಗಳೇ ಸಾಕು. ಮಾರ್ಗದರ್ಶಿ ಬೇಕಾಗುವುದು ವಿಚಾರ ಎಲ್ಲಿ ಮುಗ್ಗರಿಸಿದೆ ಎಂದು ಕೇಳುವುದಕ್ಕೆ. ‘ಸ್ಪಷ್ಟತೆ ಸಾಲದು’ ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ‘ಎರಡನೇ ಪ್ಯಾರಾದಲ್ಲಿ ಶುಲ್ಕ ಏರಿಕೆ ಬೇಡ ಎಂದಿದ್ದೀರಿ, ನಾಲ್ಕನೆಯದರಲ್ಲಿ ಅದನ್ನೇ ಸಮರ್ಥಿಸುವ ಅಂಕಿಅಂಶ ಕೊಟ್ಟಿದ್ದೀರಿ; ನಿಮ್ಮ ನಿಲುವು ಯಾವುದು?’ ಎಂದು ಕೇಳಿದರೆ ಅವನು ಕೂತು ಯೋಚಿಸಲೇಬೇಕು. ವ್ಯಾಕರಣ ಆಮೇಲಿನ ಮಾತು. ನಾಳೆ ತೆಗೆದುಹಾಕಬೇಕಾದ ಪ್ಯಾರಾದ ಅಲ್ಪವಿರಾಮಗಳನ್ನು ಇಂದು ತಿದ್ದಿ ಪ್ರಯೋಜನವಿಲ್ಲ.

ವಿಡಿಯೊ ಕರೆಯಲ್ಲಿ ಇಬ್ಬರೂ ಒಂದೇ ಕರಡನ್ನು ಮುಂದಿಟ್ಟುಕೊಂಡು ಮಾತನಾಡುವುದು ಒಳ್ಳೆಯದೇ. ಆಗ ಟೈಪ್ ಮಾಡುವವರು ಮಾತ್ರ ವಿದ್ಯಾರ್ಥಿಯೇ ಆಗಿರಲಿ. ಹಗಲು ದುಡಿದು ಓದುವವರಿಗೆ, ನೆಟ್‌ವರ್ಕ್ ಸರಿಯಿಲ್ಲದವರಿಗೆ, ಎದುರಾಎದುರು ಮಾತನಾಡಲು ಅಳುಕುವವರಿಗೆ ಕರಡು ಕಳುಹಿಸಿ ಟಿಪ್ಪಣಿ ಪಡೆಯುವ ದಾರಿಯೂ ತೆರೆದಿರಬೇಕು. ಅಲ್ಲಿ ಮುಖ ಕಾಣದು, ದನಿ ಕೇಳದು. ನಗುತ್ತ ಹೇಳಬಹುದಾದ ಮಾತು ಬರಹದಲ್ಲಿ ಗದರಿಕೆಯಂತೆ ಕೇಳಿಸುತ್ತದೆ. ಹಾಗಾಗಿ ಟಿಪ್ಪಣಿ ಬರೆಯುವವರಿಗೆ ತರಬೇತಿ ಅತ್ಯಗತ್ಯ. ಒಂದು ಸಲಕ್ಕೆ ಎರಡು ಮೂರು ಮುಖ್ಯ ವಿಷಯ ಸಾಕು, ಮೂವತ್ತು ಬೇಡ.

ಈ ಹೊಣೆಯನ್ನು ಹಿರಿಯ ವಿದ್ಯಾರ್ಥಿಗಳಿಗೆ ವಹಿಸುವುದಾದರೆ ಗೌರವಧನ ಕೊಟ್ಟೇ ವಹಿಸಬೇಕು. ಸೇವೆಯ ಹೆಸರಿನಲ್ಲಿ ಬಿಟ್ಟಿ ದುಡಿಸಿಕೊಂಡರೆ ಪರೀಕ್ಷೆ ಹತ್ತಿರವಾದಂತೆ, ಅಂದರೆ ನೆರವು ಹೆಚ್ಚು ಬೇಕಾದಾಗಲೇ, ಒಬ್ಬೊಬ್ಬರಾಗಿ ಜಾರಿಕೊಳ್ಳುತ್ತಾರೆ.

ಇನ್ನೊಂದು ಮಾತು. ಯಾರು ನೆರವು ಕೇಳಿದರು, ಮೊದಲ ಕರಡು ಹೇಗಿತ್ತು ಎಂಬುದು ಅಂಕ ನೀಡುವ ಅಧ್ಯಾಪಕರಿಗೆ ವಿದ್ಯಾರ್ಥಿಯ ಒಪ್ಪಿಗೆಯಿಲ್ಲದೆ ತಲುಪಕೂಡದು. ಈ ಭರವಸೆಯನ್ನು ನೋಂದಣಿ ಪುಟದಲ್ಲೇ ಲಿಖಿತವಾಗಿ ಕೊಡಬೇಕೆಂದು ಸಂಬಂಧಪಟ್ಟವರಲ್ಲಿ ವಿನಂತಿ.

– ಒಬ್ಬ ಅಧ್ಯಾಪಕಿ