ವಸ್ತುವಿನ ಪೆಟ್ಟಿಗೆಯೇ ಪಾರ್ಸೆಲ್ ಆಗಲಿ

ಮಾನ್ಯ ಸಂಪಾದಕರೇ,

ಆನ್‌ಲೈನ್ ಮಾರಾಟದಿಂದ ಬೀಳುವ ಪ್ಯಾಕಿಂಗ್ ಕಸದ ಮಾತು ಬಂದಾಗಲೆಲ್ಲ ಚರ್ಚೆ ಪ್ಲಾಸ್ಟಿಕ್ಕೋ ಕಾಗದವೋ ಎಂಬಲ್ಲಿಗೆ ಹೋಗಿ ನಿಲ್ಲುತ್ತದೆ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯನ್ನು ಯಾರೂ ಕೇಳುತ್ತಿಲ್ಲ: ಈಗಾಗಲೇ ಒಂದು ಪೆಟ್ಟಿಗೆಯಲ್ಲಿರುವ ವಸ್ತುವಿಗೆ ಎರಡನೇ ಪೆಟ್ಟಿಗೆ ಏಕೆ? ಹೊರ ಪೆಟ್ಟಿಗೆಯಿಲ್ಲದೆ, ತನ್ನ ಸ್ವಂತ ಪೆಟ್ಟಿಗೆಯ ಮೇಲೆಯೇ ವಿಳಾಸದ ಲೇಬಲ್ ಹಚ್ಚಿಸಿಕೊಂಡು ಹೊರಡುವಂತೆ ವಸ್ತುವನ್ನು ಸಿದ್ಧಪಡಿಸಲು ಸಾಧ್ಯವಿದೆ. ಇದು ಹೊಸ ವಿಚಾರವೂ ಅಲ್ಲ. ಅಮೆಜಾನ್ 2008ರಲ್ಲೇ ಇಂಥದೊಂದು ಕಾರ್ಯಕ್ರಮ ಆರಂಭಿಸಿತ್ತು. ಆದರೂ ಸಣ್ಣ ಮಾರಾಟಗಾರರಲ್ಲಿ ಬಹುತೇಕರು ಇಂದಿಗೂ ಪೆಟ್ಟಿಗೆಯೊಳಗೆ ಪೆಟ್ಟಿಗೆಯಿಟ್ಟು, ನಡುವೆ ಗಾಳಿಚೀಲ ತುರುಕಿ ಕಳಿಸುತ್ತಿದ್ದಾರೆ.

ಅವರ ಭಯಕ್ಕೆ ಕಾರಣವಿದೆ. ಅಂಗಡಿಯ ಕಪಾಟಿಗೆಂದು ಮಾಡಿದ ಪೆಟ್ಟಿಗೆ ಒಂಟಿಯಾಗಿ ಪ್ರಯಾಣ ಮಾಡಲಾರದು. ಅಂಗಡಿಗೆ ಹೋಗುವಾಗ ಹತ್ತಿಪ್ಪತ್ತು ಪೆಟ್ಟಿಗೆಗಳು ಒಂದು ದೊಡ್ಡ ಕಾರ್ಟನ್‌ನಲ್ಲಿ ಒತ್ತಾಗಿ ಕೂತು ಹೊರೆಯನ್ನು ಹಂಚಿಕೊಳ್ಳುತ್ತವೆ. ಕೊರಿಯರ್ ಬೆಲ್ಟಿನ ಮೇಲೆ ಅದೇ ಪೆಟ್ಟಿಗೆ ಆರೂ ಮುಖಗಳಿಗೆ ತಾನೊಂದೇ ಪೆಟ್ಟು ತಿನ್ನಬೇಕು. ಮೊದಲು ಬಿಚ್ಚಿಕೊಳ್ಳುವುದು ಒಳಗೆ ಸಿಕ್ಕಿಸುವ ಮುಚ್ಚಳದ ನಾಲಗೆ. ಆಮೇಲೆ ವಸ್ತು ಕಾಣಲೆಂದು ಕತ್ತರಿಸಿದ ಕಿಟಕಿಯ ಅಂಚು ಹರಿಯುತ್ತದೆ. ಆದ್ದರಿಂದ ಹೊರ ಪೆಟ್ಟಿಗೆ ಬಿಡಬೇಕೆನ್ನುವವರು ಕಿಟಕಿ ತೆಗೆಸಬೇಕು, ಮುಚ್ಚಳಕ್ಕೆ ಎರಡೂ ಪಕ್ಕದಲ್ಲಿ ಕಚ್ಚಿಕೊಳ್ಳುವ ಲಾಕ್ ಅಥವಾ ಅಂಟಿನ ಪಟ್ಟಿ ಕೊಡಿಸಬೇಕು, ರಟ್ಟನ್ನು ಬದಲಿಸಬೇಕು. ರಟ್ಟಿನ ಎರಡು ಹಾಳೆಗಳ ನಡುವಿನ ಅಲೆಅಲೆಯಾದ ಪದರಕ್ಕೆ ಫ್ಲೂಟ್ ಎನ್ನುತ್ತಾರೆ. ಕಪಾಟಿನ ಪೆಟ್ಟಿಗೆಗಳಲ್ಲಿ ಹೆಚ್ಚಾಗಿ ಬಳಸುವ ಇ ಫ್ಲೂಟ್ ರಟ್ಟಿನ ದಪ್ಪ ಸುಮಾರು 1.5 ಮಿ.ಮೀ. ಬಿ ಫ್ಲೂಟ್ ಸುಮಾರು 3 ಮಿ.ಮೀ., ಸಿ ಫ್ಲೂಟ್ ಸುಮಾರು 4 ಮಿ.ಮೀ. ಇರುತ್ತದೆ. ಒಂದೆರಡು ಕಿಲೋದೊಳಗಿನ, ಒಡೆಯದ ವಸ್ತುಗಳಿಗೆ ಮೂರು ಪದರದ ಬಿ ಫ್ಲೂಟ್ ಸಾಮಾನ್ಯವಾಗಿ ಸಾಕು. ಐದು ಪದರದ ರಟ್ಟನ್ನು ಭಾರದ ವಸ್ತುಗಳಿಗೆ ಉಳಿಸಿಕೊಳ್ಳುವುದು ಒಳ್ಳೆಯದು. ಎಲ್ಲಕ್ಕೂ ಅದನ್ನೇ ಬಳಸಿದರೆ ಉಳಿಸಲು ಹೊರಟ ಕಾಗದವನ್ನು ಇನ್ನೊಂದು ಬಾಗಿಲಿನಿಂದ ಒಳಗೆ ಕರೆದಂತಾಗುತ್ತದೆ.

ರಟ್ಟು ಕೊಳ್ಳುವಾಗ ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ ಎಷ್ಟು ಗ್ರಾಂ ಎಂಬ ಅಳತೆ) ಒಂದನ್ನೇ ಕೇಳುವ ಅಭ್ಯಾಸವನ್ನೂ ಬಿಡಬೇಕು. ಒಂದರ ಮೇಲೊಂದು ಪೇರಿಸಿದಾಗ ಪೆಟ್ಟಿಗೆ ಎಷ್ಟು ಹೊರೆ ತಡೆಯುತ್ತದೆ ಎಂಬುದು ರಟ್ಟಿನ ಅಂಚು ಎಷ್ಟು ಒತ್ತಡಕ್ಕೆ ಕುಸಿಯುತ್ತದೆ, ರಟ್ಟು ಎಷ್ಟು ದಪ್ಪ, ಪೆಟ್ಟಿಗೆಯ ಸುತ್ತಳತೆ ಎಷ್ಟು ಎಂಬುದರ ಮೇಲೆ ನಿಂತಿದೆ. ಮೊದಲನೆಯದಕ್ಕೆ ಎಡ್ಜ್ ಕ್ರಷ್ ಪರೀಕ್ಷೆ ಎನ್ನುತ್ತಾರೆ. ಅದರ ಅಂಕಿಯನ್ನು ಪೆಟ್ಟಿಗೆ ಮಾಡಿಕೊಡುವವರಿಂದ ಕೇಳಿ ಪಡೆಯಿರಿ. ಹೊರೆಯ ಹೆಚ್ಚಿನ ಪಾಲನ್ನು ನಾಲ್ಕು ಮೂಲೆಗಳೇ ಹೊರುತ್ತವೆ. ಹಾಗಾಗಿ ಮೂಲೆ ನಜ್ಜುಗುಜ್ಜಾದ ಹಳೆಯ ಪೆಟ್ಟಿಗೆಯನ್ನು ಮತ್ತೆ ಬಳಸುವುದು ಉಳಿತಾಯವಲ್ಲ. ತೇವವೂ ದೊಡ್ಡ ಶತ್ರು. ಒಣಗಿದ್ದ ಪೆಟ್ಟಿಗೆ ಶೇ 90ರಷ್ಟು ಆರ್ದ್ರತೆಯ ಗಾಳಿಯಲ್ಲಿ ಕೂತರೆ ಅದರ ಬಲ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಖಾಲಿ ಪೆಟ್ಟಿಗೆಗಳ ಕಟ್ಟನ್ನು ನೆಲಕ್ಕೆ, ಗೋಡೆಗೆ ತಾಗದಂತೆ ಹಲಗೆಯ ಮೇಲಿಡುವುದಕ್ಕೆ ಏನೂ ಖರ್ಚಿಲ್ಲ.

ಅಳತೆಯ ವಿಷಯಕ್ಕೆ ಬರೋಣ. ಕೊರಿಯರ್‌ಗಳು ನಿಜವಾದ ತೂಕ ಮತ್ತು ಗಾತ್ರದ ತೂಕ ಎರಡನ್ನೂ ನೋಡಿ, ಯಾವುದು ಹೆಚ್ಚೋ ಅದಕ್ಕೆ ದರ ಹಾಕುತ್ತವೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸುವುದು ಸಾಮಾನ್ಯ ಲೆಕ್ಕ. 450 ಗ್ರಾಂನ ವಸ್ತುವನ್ನು 30×20×15 ಸೆಂ.ಮೀ. ಪೆಟ್ಟಿಗೆಯಲ್ಲಿ ಕಳಿಸಿದರೆ ದರ ಬೀಳುವುದು 1.8 ಕಿಲೋಗೆ. ಅದೇ ವಸ್ತು 22×16×8 ಸೆಂ.ಮೀ. ಪೆಟ್ಟಿಗೆಯಲ್ಲಿ ಹೋದರೆ ಸುಮಾರು 0.56 ಕಿಲೋ. ಉಳಿದದ್ದೆಲ್ಲ ಗಾಳಿಯ ಬಾಡಿಗೆ! ಪರಿಸರದ ಮಾತು ರುಚಿಸದ ಮಾರಾಟಗಾರರಿಗೂ ಈ ಲೆಕ್ಕ ಅರ್ಥವಾಗುತ್ತದೆ. ಗಾಳಿ ಕಡಿಮೆಯಾದಷ್ಟೂ ಒಂದು ಲಾರಿಯಲ್ಲಿ ಹೆಚ್ಚು ಪಾರ್ಸೆಲ್ ಹಿಡಿಯುತ್ತದೆ, ಒಳಗೆ ತುಂಬುವ ಸಾಮಗ್ರಿಯೂ ಬೇಕಾಗುವುದಿಲ್ಲ.

ಪ್ಯಾಕಿಂಗ್ ತಡೆಯುತ್ತದೋ ಇಲ್ಲವೋ ಎಂಬುದನ್ನು ಊಹೆಗೆ ಬಿಡಬಾರದು. ಮೊದಲು ಪೆಟ್ಟಿಗೆ ಮುಚ್ಚಿ ಅಲ್ಲಾಡಿಸಿ. ಒಳಗೆ ಸದ್ದು ಬಂದರೆ ಅಲ್ಲಿಗೇ ನಿಲ್ಲಿಸಿ, ಸರಿಪಡಿಸಿ. ನಂತರ ಬೀಳಿಸುವ ಪರೀಕ್ಷೆ. ಸಾಗಣೆಯ ಪ್ಯಾಕಿಂಗ್‌ಗೆ ಪರೀಕ್ಷಾ ವಿಧಾನಗಳನ್ನು ರೂಪಿಸುವ ಇಸ್ಟಾ ಸಂಸ್ಥೆಯ 1ಎ ವಿಧಾನವನ್ನು ಅನುಸರಿಸಿದರೆ ಸುಮಾರು 9.5 ಕಿಲೋದೊಳಗಿನ ಪಾರ್ಸೆಲ್‌ಗೆ ಎತ್ತರ 76 ಸೆಂ.ಮೀ., ಅಂದರೆ ಮೇಜಿನಷ್ಟು. ಗಟ್ಟಿ ನೆಲದ ಮೇಲೆ ಒಂದೇ ಪಾರ್ಸೆಲನ್ನು ಹತ್ತು ಸಲ ಬೀಳಿಸಬೇಕು: ಒಮ್ಮೆ ಮೂಲೆಯ ಮೇಲೆ, ಆ ಮೂಲೆಗೆ ಕೂಡುವ ಮೂರು ಅಂಚುಗಳ ಮೇಲೆ ಒಂದೊಂದು ಸಲ, ಕೊನೆಗೆ ಆರು ಮುಖಗಳ ಮೇಲೆ. ಪೆಟ್ಟಿಗೆ ತಯಾರಿಸುವಾಗ ರಟ್ಟಿನ ಎರಡು ತುದಿಗಳನ್ನು ಜೋಡಿಸಿದ ಕಡೆಯ ಮೂಲೆಯನ್ನೇ ಆರಿಸಬೇಕು, ಏಕೆಂದರೆ ದುರ್ಬಲ ಜಾಗ ಅದು. ನಡುವೆ ಬಿಚ್ಚಿ ನೋಡಬಾರದು. ಪೂರ್ಣ ಪರೀಕ್ಷೆಯಲ್ಲಿ ಕಂಪನದ ಹಂತವೂ ಇದೆ, ಅದಕ್ಕೆ ಪ್ರಯೋಗಾಲಯ ಬೇಕು. ಆದರೆ ಈ ಹತ್ತು ಪೆಟ್ಟಿನಲ್ಲೇ ಬಹಳಷ್ಟು ದೋಷ ಹೊರಬೀಳುತ್ತದೆ. ಮೂಲೆ ಚಪ್ಪಟೆಯಾಗಿಯೂ ವಸ್ತು ಸರಿಯಿದ್ದರೆ ಪ್ಯಾಕಿಂಗ್ ತನ್ನ ಕೆಲಸ ಮಾಡಿದೆ. ಪೆಟ್ಟಿಗೆ ಚೆಂದವಾಗಿದ್ದು ವಸ್ತು ಬಿರುಕು ಬಿಟ್ಟಿದ್ದರೆ ಒಳಗಿನ ಹಿಡಿತ ಸಡಿಲ. ರಟ್ಟು ದಪ್ಪ ಮಾಡಿಸಿದರೆ ಇದು ಸರಿಹೋಗುವುದಿಲ್ಲ.

ಒಳಗಿನ ಹಿಡಿತದಲ್ಲೇ ಹೆಚ್ಚು ಜನ ಎಡವುತ್ತಾರೆ. ಭಾರದ ವಸ್ತುವಿನ ಸುತ್ತ ಗಾಳಿಚೀಲವನ್ನೋ ಸಡಿಲ ತುಣುಕುಗಳನ್ನೋ ತುಂಬಿದರೆ ದಾರಿಯ ಅಲುಗಾಟಕ್ಕೆ ವಸ್ತು ಮೆಲ್ಲಗೆ ಜಾರಿ ತಳ ಸೇರುತ್ತದೆ. ಆಮೇಲೆ ಮೆತ್ತೆಯೆಲ್ಲ ಮೇಲೆ, ಪೆಟ್ಟೆಲ್ಲ ಕೆಳಗೆ. ಗಾಜಿನ ಸೀಸೆಯನ್ನು ಕತ್ತು ಮತ್ತು ತಳದಲ್ಲಿ ಬಿಗಿಯಾಗಿ ಹಿಡಿದು, ಗೋಡೆಗಳಿಂದ ದೂರವಿಡುವ ರಟ್ಟಿನ ಒಳಕಟ್ಟು ಅಥವಾ ಕಾಗದದ ತಿರುಳಿನ ಅಚ್ಚು ಇಲ್ಲಿ ಸರಿಯಾದ ಪರಿಹಾರ. ಪೆಟ್ಟಿಗೆ ಮತ್ತು ಒಳಕಟ್ಟು ಎರಡೂ ಕಾಗದವಾದ್ದರಿಂದ ಗ್ರಾಹಕರು ಬೇರ್ಪಡಿಸುವ ಗೋಜಿಲ್ಲದೆ ಒಟ್ಟಿಗೆ ರದ್ದಿಗೆ ಹಾಕಬಹುದು.

ಬಟ್ಟೆಯಂಥ ಮೆತ್ತನೆ ವಸ್ತುಗಳಿಗೆ ಪೆಟ್ಟಿಗೆಯೇ ದಂಡ, ಒಂದು ಲಕೋಟೆ ಸಾಕು. ಆದರೆ ಹೊರಗೆ ಕಾಗದ, ಒಳಗೆ ಬಬಲ್ ಪ್ಲಾಸ್ಟಿಕ್ ಅಂಟಿಸಿದ ಲಕೋಟೆ ಬೇಡ. ಎರಡನ್ನೂ ಬಿಡಿಸಲು ಆಗುವುದಿಲ್ಲ, ಹಾಗಾಗಿ ಕಾಗದದ ರದ್ದಿಗೂ ಪ್ಲಾಸ್ಟಿಕ್ ರದ್ದಿಗೂ ಅದು ಸಲ್ಲದು. ‘ಜೈವಿಕವಾಗಿ ಕರಗುವ’ ಎಂದು ಅಚ್ಚು ಹಾಕಿದ ಚೀಲಗಳ ಬಗ್ಗೆಯೂ ಎಚ್ಚರ ಬೇಕು. ಸಾಮಾನ್ಯ ಪ್ಲಾಸ್ಟಿಕ್‌ಗೆ ರಾಸಾಯನಿಕ ಬೆರೆಸಿ ಬೇಗ ಪುಡಿಯಾಗುವಂತೆ ಮಾಡಿದ ಆಕ್ಸೊ ಮಾದರಿಯ ಚೀಲ ಒಡೆದು ಸೂಕ್ಷ್ಮ ಪ್ಲಾಸ್ಟಿಕ್ ಕಣಗಳಾಗುತ್ತದೆ. ಐರೋಪ್ಯ ಒಕ್ಕೂಟ 2019ರ ನಿರ್ದೇಶನದಲ್ಲಿ ಇಂಥವನ್ನು ನಿಷೇಧಿಸಿ, 2021ರ ಜುಲೈನಿಂದ ಜಾರಿಗೆ ತಂದಿತು. ನಿಜವಾಗಿ ಗೊಬ್ಬರವಾಗುವ ಚೀಲಗಳಿಗೆ ಇಎನ್ 13432 ಅಥವಾ ಐಎಸ್‌ಒ 17088 ಮಾನದಂಡವಿದೆ. ಅವೂ ಕೊಳೆಯುವುದು ಸುಮಾರು 58 ಡಿಗ್ರಿ ಸೆಲ್ಸಿಯಸ್ ಶಾಖ ಕಾಯ್ದುಕೊಳ್ಳುವ ಗೊಬ್ಬರದ ಘಟಕದಲ್ಲಿ. ಅಂಥ ಘಟಕಕ್ಕೆ ಚೀಲ ತಲುಪುವ ವ್ಯವಸ್ಥೆಯಿಲ್ಲದ ಕಡೆ ಆ ಮುದ್ರೆಯಿಂದ ಪ್ರಯೋಜನವಿಲ್ಲ. ಅದರ ಬದಲು ಬರೀ ಕಾಗದದ ಲಕೋಟೆ ಅಥವಾ ಮರುಬಳಕೆಯ ಪ್ಲಾಸ್ಟಿಕ್‌ನಿಂದ ಮಾಡಿದ ಒಂದೇ ಬಗೆಯ ತೆಳು ಚೀಲ ಎಷ್ಟೋ ಪ್ರಾಮಾಣಿಕ ಆಯ್ಕೆ.

ಟೇಪ್ ಬಗ್ಗೆ ಒಂದು ಮಾತು. ನೀರು ಸವರಿ ಅಂಟಿಸುವ ಕಾಗದದ ಟೇಪ್ ರಟ್ಟಿನ ನಾರಿಗೇ ಹಿಡಿದುಕೊಳ್ಳುತ್ತದೆ, ರಟ್ಟಿನ ಜೊತೆಗೇ ಮರುಬಳಕೆಯಾಗುತ್ತದೆ. ಆದರೆ ದೂಳಿನ ಮೇಲೆ, ವಾರ್ನಿಷ್ ಬಳಿದ ಹೊಳಪಿನ ಮೇಲ್ಮೈ ಮೇಲೆ ಅದು ನಿಲ್ಲುವುದಿಲ್ಲ. ಹೊರ ಪೆಟ್ಟಿಗೆ ಬಿಡುವವರು ಹೊಳಪಿನ ಲೇಪವನ್ನೂ ಬಿಡಬೇಕೆನ್ನಲು ಇದೂ ಒಂದು ಕಾರಣ. ಮುದ್ರಣ ವಿನ್ಯಾಸದಲ್ಲೇ ದೊಡ್ಡ ಮುಖದ ಮೇಲೆ 10×15 ಸೆಂ.ಮೀ. ಖಾಲಿ ಜಾಗ ಬಿಡಿಸಿ. ಲೇಬಲ್ ಅಂಚಿನ ಮೇಲೆ ಮಡಚಿಕೊಂಡರೆ, ಅದರ ಮೇಲೆ ಹೊಳೆಯುವ ಟೇಪ್ ಬಂದರೆ, ಪಕ್ಕದಲ್ಲೇ ವಸ್ತುವಿನ ಬಾರ್‌ಕೋಡ್ ಇದ್ದರೆ ಸ್ಕ್ಯಾನರ್ ಓದದೇ ಹೋಗಬಹುದು ಅಥವಾ ತಪ್ಪಾದದ್ದನ್ನು ಓದಬಹುದು. ವಾಪಸಾತಿ ಹೆಚ್ಚಿರುವ ವಸ್ತುಗಳಿಗೆ ಮುಚ್ಚಳದಲ್ಲಿ ಎರಡನೇ ಅಂಟಿನ ಪಟ್ಟಿಯಿರಲಿ, ಅದೇ ಪೆಟ್ಟಿಗೆ ಹಿಂದಕ್ಕೂ ಬರುತ್ತದೆ.

ಸೋರುವ ದ್ರವ, ಕಳ್ಳರ ಕಣ್ಣು ಬೀಳುವ ದುಬಾರಿ ಉಪಕರಣ, ಗ್ರಾಹಕರ ಖಾಸಗಿತನಕ್ಕೆ ಸೇರಿದ ವಸ್ತು, ಇವುಗಳಿಗೆ ಹೊರ ಹೊದಿಕೆ ಬೇಕೇ ಬೇಕು. ಉಳಿದ ವಸ್ತುಗಳ ವಿಷಯದಲ್ಲಿ ಮಾರುಕಟ್ಟೆ ತಾಣಗಳು ಮಾಡಬೇಕಾದ ಕೆಲಸವಿದೆ. ಯಾವ ಪರೀಕ್ಷೆ ದಾಟಿದರೆ ಹೊರ ಪೆಟ್ಟಿಗೆ ಬೇಡವೆಂಬುದನ್ನು ಮಾರಾಟಗಾರರ ಭಾಷೆಯಲ್ಲಿ ಪ್ರಕಟಿಸಲಿ. ಹಾಗೆ ದಾಟಿದ ವಸ್ತುವಿಗೆ ಗೋದಾಮಿನಲ್ಲಿ ಮತ್ತೆ ಪೆಟ್ಟಿಗೆ ತೊಡಿಸುವುದನ್ನು ನಿಲ್ಲಿಸಲಿ. ‘ಹಾನಿಯಾಗಿದೆ’ ಎಂಬ ಒಂದೇ ಕಾರಣ ನಮೂದಿಸಿ ವಾಪಸು ಕಳಿಸುವ ಬದಲು ಪೆಟ್ಟಿಗೆ ಕುಸಿದಿತ್ತೇ, ಮುಚ್ಚಳ ಬಿಚ್ಚಿತ್ತೇ, ಒಳಗೆ ವಸ್ತು ಸಡಿಲವಿತ್ತೇ, ನೆನೆದಿತ್ತೇ ಎಂಬುದನ್ನು ಫೋಟೊ ಸಮೇತ ಮಾರಾಟಗಾರರಿಗೆ ತಿಳಿಸಲಿ. ಈ ನಾಲ್ಕಕ್ಕೂ ಪರಿಹಾರ ಬೇರೆ ಬೇರೆ. ಯಾವುದೆಂದು ಗೊತ್ತಾಗದ ಮಾರಾಟಗಾರರು ಮುಂದಿನ ಸಲ ಇನ್ನೊಂದು ಸುತ್ತು ಬಬಲ್ ರ‍್ಯಾಪ್ ಸುತ್ತುತ್ತಾರೆ.

ಇಂತಿ,
ಪ್ಯಾಕೇಜಿಂಗ್ ಕ್ಷೇತ್ರದ ಓದುಗರು